ಬೈತಖೋಲದ ಏಳನೇ ಕಂಬ

ಐಸ್ ಫ್ಯಾಕ್ಟರಿಯ ಏಳನೇ ಕಂಬಕ್ಕೆ
ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ.
ಮೇಲೆ ಠಣ್ ಅಂದಿತು, ಎದೆಮಟ್ಟದಲ್ಲೂ ಠಣ್,
ಮೊಣಕಾಲಿನ ಹತ್ತಿರ ಬಂದಾಗ
ಹಣ್ಣಾದ ಹಲಸಿನ ಹಾಗೆ, ಬೊದ್.
ಅಲ್ಲಿ ಸೀಮೆಸುಣ್ಣದಲ್ಲೊಂದು ಸುತ್ತು ಎಳೆದೆ.

ಉಳಿ ಇಟ್ಟದ್ದೇ ತಡ
ಸಿಪ್ಪೆ ತಾನಾಗಿ ಕಳಚಿ ಕಾಲ ಬುಡಕ್ಕೆ ಬಿತ್ತು.
ಒಳಗೆ ಕಂಬಿ. ಕಂಬಿ ಅನ್ನಬೇಕೋ ಬೇಡವೋ,
ಪದರು ಪದರಾಗಿ, ಒದ್ದೆ ಬೆಲ್ಲದ ಬಣ್ಣ.
ನಕ್ಷೆಯಲ್ಲಿ ಹದಿನಾರು ಎಂಎಂ,
ಕ್ಯಾಲಿಪರಿನ ಹಲ್ಲಿಗೆ ಸಿಕ್ಕಿದ್ದು ಒಂಬತ್ತು.
ಉಳಿದ ಏಳು ಎಲ್ಲಿಗೂ ಹೋಗಿಲ್ಲ.
ಅಲ್ಲೇ ಉಬ್ಬಿ, ಜಾಗ ಸಾಲದೆ,
ತನ್ನನ್ನು ಹೊದ್ದಿಸಿದ್ದ ಸಿಮೆಂಟನ್ನೇ
ಭುಜ ಕೊಟ್ಟು ಹೊರದೂಡಿದೆ.

ಸೀಸೆಯ ಮದ್ದು ಸಿಂಪಡಿಸಿದೆ.
ಸುಣ್ಣದ ಸತ್ವ ಇನ್ನೂ ಇರುವಲ್ಲಿ
ಕಾಂಕ್ರೀಟು ಓಕುಳಿಯಾಡಿದ ಹಾಗೆ ರಂಗೇರುತ್ತದೆ.
ಏರಿತು. ಕಂಬಿಯ ಅಕ್ಕಪಕ್ಕವೂ.
ಹಾಗಾದರೆ ಗಾಳಿಯ ತಪ್ಪಲ್ಲ.
ಉಪ್ಪು.
ಹೊರಗಿನಿಂದ ಬಂದದ್ದೋ, ಮೊದಲೇ ಇದ್ದದ್ದೋ?

ಇನಾಸ ಮೇಸ್ತ್ರಿಯನ್ನು ಕರೆಸಿದ್ದರು,
ಸುಂಕೇರಿಯಿಂದ, ಮೊಮ್ಮಗನ ಸ್ಕೂಟರಿನ ಹಿಂದೆ ಕೂರಿಸಿ.
ಮೂವತ್ತೊಂದು ವರ್ಷದ ಕೆಳಗೆ
ಇದಕ್ಕೆ ಸೆಂಟ್ರಿಂಗ್ ಹಲಗೆ ಹೊಡೆದವ.
ಕಂಬದೆದುರು ಟೋಪಿ ತೆಗೆದು ನಿಂತ,
ಗುರುತಿನವರ ಮಣ್ಣಿಗೆ ಬಂದವನ ಹಾಗೆ.
"ಕವರು ಸರಿಯಾಗೇ ಬಿಟ್ಟಿದ್ದೆ ಮೇಡಂ, ಒಂದೂವರೆ ಇಂಚು.
ಬೇಕಾದ್ರೆ ಅಳೀರಿ."
ಅಳೆದೆ. ಸುಳ್ಳಲ್ಲ.
"ಮರಳು?"
"ಕಾಳಿ ನದಿದು. ಮೇಲಿಂದು, ಕದ್ರಾ ಬದಿದು."
"ನೀರು?"
ಮೇಸ್ತ್ರಿ ದಕ್ಕೆಯ ಕಡೆ ನೋಡಿದ.
ಅಲ್ಲಿ ಟ್ರಾಲರಿನಿಂದ ಬಂಗಡೆ ಇಳಿಯುತ್ತಿತ್ತು.

ಉತ್ತರ ಕೊಟ್ಟವಳು ಶಾಬಿ,
ಬುಟ್ಟಿಗೆ ಐಸು ಹಾಕಿಸಿಕೊಳ್ಳಲು
ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವಳು.
"ನೀರು ಹೊತ್ತವ್ಳು ನಾನಲ್ವಾ?
ಮೇ ತಿಂಗ್ಳು. ಮೇಲಿನ ಬಾವಿ ಬತ್ತಿತ್ತು.
ಕೆಳಗಿನದು, ಭರತಿ ಬಂದ್ರೆ ತಾನೂ ಏರೂ ಬಾವಿ.
ಮೊದಲ ಕೊಡ ಎತ್ತಿ ಒಂದು ಬೊಗಸೆ ಬಾಯಿಗೆ ಹಾಕಿ
ಉಗದಿದ್ದೆ. ಸವಳು.
ಗಂಜಿಗೆ ಬೇರೆ ಉಪ್ಪೇ ಬ್ಯಾಡ, ಹಂಗಿತ್ತು.
ಹೇಳ್ದೆ. ಸಿಮೆಂಟೇನು ರುಚಿ ನೋಡ್ತದೇನೆ ಅಂದ್ರು.
ಎಲ್ಲ ನಗಾಡಿದ್ರು. ನಾನೂ ನಗಾಡ್ದೆ."

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಈ ಕಂಬಿ ಎರಡನ್ನೂ ಒಂದೇ ಗುಟುಕಿಗೆ
ಹುಟ್ಟಿದ ದಿನವೇ ಕುಡಿದಿತ್ತು.

ನನ್ನ ಮೀಟರಿನ ಒಂದು ತಂತಿ ಕಂಬಿಗೆ,
ಇನ್ನೊಂದು ಒದ್ದೆ ಸ್ಪಂಜಿಗೆ.
ಅಂಕಿ ಮೈನಸ್ ನಾನೂರ ಇಪ್ಪತ್ತಕ್ಕೆ ಬಂದು ನಿಂತಿತು.
ವರದಿಯಲ್ಲಿ ಅದಕ್ಕೊಂದು ಕಾಲಂ ಇದೆ.
ಶಾಬಿಯ ನಾಲಗೆಗೆ ಇಲ್ಲ.
ಷರಾ ಎಂಬಲ್ಲಿ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ:
ಕಲಸಿದ ನೀರು ಸವಳು.
ಆಧಾರ, ನೀರು ಹೊತ್ತವರ ಹೇಳಿಕೆ.

"ಹಂಗಾರೆ ಐಸು ಬಂದಾ?" ಕೇಳಿದಳು.
ಜಾಕಿ ಕೊಟ್ಟು ನಿಲ್ಲಿಸಿ, ತುಕ್ಕು ಕೆರೆದು, ಹೊಸ ಕಂಬಿ ಬೆಸೆದು...
ನಾನು ಹೇಳುತ್ತಲೇ ಇದ್ದೆ.
ಅವಳ ಬಂಗಡೆಗೆ ಅಷ್ಟು ಪುರಸೊತ್ತಿರಲಿಲ್ಲ.
ಎಲ್ಲರೂ ಅತ್ತ ತಿರುಗಿದಾಗ
ಮೇಸ್ತ್ರಿ ಬಗ್ಗಿ, ಬಿದ್ದ ಚಕ್ಕೆಯೊಂದನ್ನು ಹೆಕ್ಕಿ
ನಾಲಗೆಯ ತುದಿಗೆ ಮುಟ್ಟಿಸಿ
ಜೇಬಿಗೆ ಹಾಕಿಕೊಂಡ.

ರಾತ್ರಿ, ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ
ದುಪಟ್ಟಾದ ಮೇಲೊಂದು ತುಕ್ಕಿನ ಕಲೆ.
ಸೋಪಿಗೆ ಜಗ್ಗಲಿಲ್ಲ.
ಮನೆಯೊಡತಿ ಬಾಗಿಲಲ್ಲೇ ನಿಂತು ಹೇಳಿದರು,
ಲಿಂಬೆಹಣ್ಣು ಹಿಂಡು,
ಮೇಲಿಂದ ಚಿಟಿಕೆ ಉಪ್ಪು ಹಾಕಿ ಉಜ್ಜು.

ಉಜ್ಜಿದೆ.
ಹೋಯಿತು.